ವಿಮಾನಾವತರಣದ ಒಂದು ಪದ್ಧತಿ: ಅದರ ಪೂರ್ವೋತ್ತರ

ವಿಮಾನವು ನೆಲಕ್ಕಿಳಿಯುವ ಕ್ರಮಗಳಲ್ಲಿ ‘ಓವರ್‌ಹೆಡ್’ ಎಂಬುದು ನೋಡುವವರಿಗೆ ಬರಿಯ ಪ್ರೌಢಿಮೆಯ ಪ್ರದರ್ಶನದಂತೆ ತೋರುವುದುಂಟು. ವಿಮಾನವು ಹೆಚ್ಚಿನ ವೇಗದಿಂದಲೇ ರನ್‌ವೇಯ ನೇರಕ್ಕೆ ಅದರ ಮೇಲೆ ಹಾರಿಬಂದು, ಥಟ್ಟನೆ ಒಂದು ಮಗ್ಗುಲಿಗೆ ವಾಲಿ, ಅರ್ಧವೃತ್ತವಾಗಿ ತಿರುಗಿ, ಬಂದ ದಿಕ್ಕಿಗೆ ಎದುರಾಗಿ ತುಸು ದೂರ ಸಾಗಿ, ಮತ್ತೊಂದು ಅರ್ಧವೃತ್ತದಲ್ಲಿ ಇಳಿಯುತ್ತ ನೆಲವನ್ನು ಮುಟ್ಟುತ್ತದೆ. ಈ ಪದ್ಧತಿಯು ಆಡಂಬರದಿಂದಲ್ಲ, ಅಗತ್ಯದಿಂದ ಬೆಳೆಯಿತೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಎರಡನೆಯ ಮಹಾಯುದ್ಧದಲ್ಲಿ ಕಾದಾಟದ ವಿಮಾನಗಳು ಗುಂಪುಗುಂಪಾಗಿ, ಇಂಧನವು ತೀರುತ್ತ ಬಂದಿರುವಾಗ ಹಿಂದಿರುಗುತ್ತಿದ್ದವು. ಮಂದಗತಿಯಿಂದ ನೇರವಾಗಿ ಇಳಿದುಬರುವ ವಿಮಾನವು ಶತ್ರುವಿಗೆ ಸುಲಭವಾದ ಗುರಿ. ಕೆಲವು ಕ್ಷಣಗಳ ಅಂತರದಲ್ಲಿ ಒಂದೊಂದಾಗಿ ಗುಂಪಿನಿಂದ ಹೊರಳಿದರೆ ನಡುವೆ ತಕ್ಕಷ್ಟು ಎಡೆಯೊದಗಿ, ಎಲ್ಲವೂ ಬೇಗನೆ ಇಳಿಯಬಹುದು. 1936ರಲ್ಲಿ ಮೊದಲು ಹಾರಿದ ಸ್ಪಿಟ್‌ಫೈರ್ ವಿಮಾನಕ್ಕೆ ಇನ್ನೊಂದು ಕಾರಣವೂ ಇದ್ದಿತು: ಅದರ ನೀಳವಾದ ಮೂತಿಯು ಎದುರಿನ ನೆಲವನ್ನು ಮರೆಮಾಡುತ್ತಿದ್ದುದರಿಂದ, ಬಾಗಿದ ಹಾದಿಯಲ್ಲಿ ಬಂದರೆ ಮಾತ್ರ ಚಾಲಕನಿಗೆ ಇಳಿಯುವ ತಾಣವು ಚೆನ್ನಾಗಿ ಕಾಣುತ್ತಿತ್ತು.

ತಿರುವು ತಾನೇ ವೇಗವನ್ನು ತಡೆಯುವುದೆಂಬುದು ಇಲ್ಲಿಯ ಮರ್ಮ. ಎತ್ತರವನ್ನು ಬಿಡದೆ 60 ಡಿಗ್ರಿ ವಾಲಿ ತಿರುಗುವಾಗ ರೆಕ್ಕೆಗಳು ಹೊರಬೇಕಾದ ಭಾರವು ಎರಡು ಪಾಲಾಗುತ್ತದೆ. ಅದೇ ವೇಗದಲ್ಲಿ, ಎತ್ತುವ ಬಲದಿಂದ ಹುಟ್ಟುವ ಗಾಳಿಯ ಎಳೆತವು ನಾಲ್ಕು ಪಾಲಾಗುತ್ತದೆ. ಆದರೆ ಹಾರಾಟಕ್ಕೆ ಬೇಕಾದ ಕನಿಷ್ಠ ವೇಗವೂ ಶೇಕಡ 41ರಷ್ಟು ಏರುವುದು. ಆದುದರಿಂದ ಮೊದಲ ತಿರುವಿಗೆ ಸಾಧಕವಾದ ಕಡಿದಾದ ವಾಲುವಿಕೆಯೇ, ನೆಲಕ್ಕೆ ಸಮೀಪದ ಎರಡನೆಯ ತಿರುವಿನಲ್ಲಿ ಪ್ರಾಣಾಪಾಯಕರ.

ಯುದ್ಧವು 1945ರಲ್ಲಿ ಮುಗಿದರೂ ಪದ್ಧತಿಯು ಅಳಿಯಲಿಲ್ಲ. ಅಮೆರಿಕದ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1971ರಲ್ಲಿ ಹಾರಿಸಿದ ಆರ್‌ವಿ-3 ಮತ್ತು ಅದರ ಸಂತತಿಯ ಹಗುರವಾದ, ವೇಗಶಾಲಿ ವಿಮಾನಗಳನ್ನು ತಂಡವಾಗಿ ಹಾರಿಸುವವರು ಇಂದಿಗೂ ಇದನ್ನು ಬಳಸುತ್ತಾರೆ. ಶತ್ರುಭಯವಿಲ್ಲ, ಆದರೆ ವೇಗವನ್ನು ಕಳೆಯುವ, ಗುಂಪನ್ನು ಬಿಡಿಸುವ ಅಗತ್ಯಗಳು ಉಳಿದಿವೆ.

ಬದಲಾದುದು ಸುತ್ತಲಿನ ಸಮಾಜ. ಸೈನಿಕ ನಿಲ್ದಾಣದಲ್ಲಿ ‘ಇನಿಷಿಯಲ್’, ‘ಬ್ರೇಕ್’ ಎಂಬ ಸಂಕೇತಗಳು ಎಲ್ಲರಿಗೂ ವಿದಿತ. ನಿಯಂತ್ರಣ ಗೋಪುರವಿಲ್ಲದ ನಾಗರಿಕ ನಿಲ್ದಾಣದಲ್ಲಿ, ವಾಡಿಕೆಯ ಚೌಕದ ಸುತ್ತಿನಲ್ಲಿ ಹಾರುವ ವಿದ್ಯಾರ್ಥಿಗೆ ಅವು ಅರ್ಥವಾಗದಿದ್ದರೆ, ಬರುವ ವಿಮಾನವನ್ನು ಎಲ್ಲಿ ಅರಸಬೇಕೆಂಬುದೇ ತಿಳಿಯದು. ದೂರ, ಎತ್ತರ, ತಿರುಗುವ ದಿಕ್ಕು ಇವುಗಳನ್ನು ರೇಡಿಯೋದಲ್ಲಿ ತಿಳಿಮಾತಿನಲ್ಲಿ ಹೇಳುವುದು ಅಲ್ಲಿ ಸೌಜನ್ಯವಷ್ಟೇ ಅಲ್ಲ, ಪ್ರಾಣರಕ್ಷಣೆಯ ಕರ್ತವ್ಯ. ಹುಟ್ಟಿದ ನೆಲೆಯನ್ನು ಬಿಟ್ಟುಬಂದ ಪದ್ಧತಿಯು ತನ್ನ ಪರಿಭಾಷೆಯನ್ನು ಹೊಸಬರಿಗೆ ತಿಳಿಯಹೇಳಿದಾಗಲೇ ನಿರಪಾಯವಾಗಿ ಬಾಳಬಲ್ಲುದು.