ಕೆನಡಾದ ಶಾಲೆಗಳಲ್ಲಿ ಮೂಲನಿವಾಸಿಗಳ ಇತಿಹಾಸ

ಕೆನಡಾದಲ್ಲಿ ಜೂನ್ ತಿಂಗಳನ್ನು ಮೂಲನಿವಾಸಿಗಳ ಇತಿಹಾಸ ಮಾಸವೆಂದು ಆಚರಿಸಲಾಗುತ್ತದೆ. ಹಗಲು ಅತಿ ದೀರ್ಘವಾಗಿರುವ ಜೂನ್ 21ರ ಆಸುಪಾಸು ಅಲ್ಲಿನ ಹಲವು ಸಮುದಾಯಗಳಿಗೆ ಹಿಂದಿನಿಂದಲೂ ಹಬ್ಬದ ಕಾಲ. 1996ರಲ್ಲಿ ಆ ದಿನಕ್ಕೂ 2009ರಲ್ಲಿ ಇಡೀ ತಿಂಗಳಿಗೂ ಅಧಿಕೃತ ಮಾನ್ಯತೆ ದೊರೆಯಿತು.

ಯಾರು ಮೂಲನಿವಾಸಿಗಳು?: ಫಸ್ಟ್ ನೇಷನ್ಸ್, ಇನುಯಿಟ್ ಮತ್ತು ಮೇಟಿ ಎಂಬ ಮೂರು ಸಮೂಹಗಳನ್ನು ಈ ಹೆಸರಿನಿಂದ ಗುರುತಿಸಲಾಗುತ್ತದೆ. ಇವರ ನಡುವೆ 70ಕ್ಕೂ ಹೆಚ್ಚು ಭಾಷೆಗಳು ಬಳಕೆಯಲ್ಲಿವೆ. ಆದ್ದರಿಂದ 'ಮೂಲನಿವಾಸಿ ಸಂಸ್ಕೃತಿ' ಎಂಬ ಏಕರೂಪದ ವಸ್ತುವೊಂದಿಲ್ಲ.

ಶಾಲೆಯೇ ಕಸಿದದ್ದು: ಸರ್ಕಾರದ ಹಣದಿಂದ, ಚರ್ಚುಗಳ ಆಡಳಿತದಲ್ಲಿ ಶತಮಾನಕ್ಕೂ ಮಿಗಿಲಾಗಿ ನಡೆದ ವಸತಿ ಶಾಲೆಗಳಿಗೆ 1,50,000ಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಲಾಯಿತು. ಅಲ್ಲಿ ತಾಯ್ನುಡಿಯಾಡುವುದು ಶಿಕ್ಷಾರ್ಹವಾಗಿತ್ತು. ಕೊನೆಯ ಶಾಲೆಗಳು 1990ರ ದಶಕದಲ್ಲಿ ಮುಚ್ಚಿದವು. 2008ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು. ಮರೆ ಸಿಂಕ್ಲೇರ್ ನೇತೃತ್ವದ ಸತ್ಯ ಮತ್ತು ಸಂಧಾನ ಆಯೋಗವು 2015ರಲ್ಲಿ 94 ಶಿಫಾರಸುಗಳನ್ನು ಮಾಡಿತು. ವಸತಿ ಶಾಲೆಗಳ ಚರಿತ್ರೆ, ಒಪ್ಪಂದಗಳು ಹಾಗೂ ಮೂಲನಿವಾಸಿಗಳ ಕೊಡುಗೆಯನ್ನು ಶಿಶುವಿಹಾರದಿಂದ 12ನೇ ತರಗತಿವರೆಗೆ ವಯಸ್ಸಿಗೆ ತಕ್ಕಂತೆ ಬೋಧಿಸಬೇಕೆಂಬುದು ಅವುಗಳಲ್ಲೊಂದು.

ಕಿತ್ತಳೆ ಅಂಗಿಯ ದಿನ: 1973ರಲ್ಲಿ ಆರು ವರ್ಷದ ಫಿಲಿಸ್ ವೆಬ್‌ಸ್ಟಾಡ್ ಅಜ್ಜಿ ಕೊಡಿಸಿದ ಹೊಸ ಕಿತ್ತಳೆ ಅಂಗಿ ತೊಟ್ಟು ಬ್ರಿಟಿಷ್ ಕೊಲಂಬಿಯಾದ ವಸತಿ ಶಾಲೆಗೆ ಸೇರಿದರು. ಮೊದಲ ದಿನವೇ ಅದನ್ನು ಕಸಿದುಕೊಳ್ಳಲಾಯಿತು. ಆ ನೆನಪಿನಲ್ಲಿ 2013ರಿಂದ ಸೆಪ್ಟೆಂಬರ್ 30ರಂದು ವಿದ್ಯಾರ್ಥಿಗಳು ಕಿತ್ತಳೆ ಅಂಗಿ ಧರಿಸುತ್ತಾರೆ. 2021ರಲ್ಲಿ ಅದೇ ದಿನವನ್ನು ರಾಷ್ಟ್ರೀಯ ಸತ್ಯ ಮತ್ತು ಸಂಧಾನ ದಿನವೆಂದು ಘೋಷಿಸಲಾಯಿತು.

ತರಗತಿಯಲ್ಲಿ: ಶಾಲೆಯಿರುವ ನೆಲ ಯಾವ ಸಮುದಾಯದ್ದು, ಅದರ ಭಾಷೆ ಯಾವುದು ಎಂಬಲ್ಲಿಂದ ಉತ್ತಮ ಪಾಠ ಆರಂಭವಾಗುತ್ತದೆ. ಸಮುದಾಯದ ಹಿರಿಯರನ್ನು ಸಂಪ್ರದಾಯೋಚಿತ ಗೌರವದೊಡನೆ ಆಹ್ವಾನಿಸಿ ಅವರಿಂದಲೇ ಕಥೆ ಕೇಳಿಸಲಾಗುತ್ತದೆ. ಕಾಗದದ ಗರಿಕಿರೀಟ ತೊಡಿಸುವ ಹಳೆಯ ರೂಢಿಯನ್ನು ಕೈಬಿಡಲಾಗುತ್ತಿದೆ. ಅದನ್ನು ಬಳಸುವ ಸಮುದಾಯಗಳಲ್ಲಿ ಗರಿಕಿರೀಟವು ಗಳಿಸಬೇಕಾದ ಗೌರವವೇ ಹೊರತು ವೇಷವಲ್ಲ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವು 2023-24ನೇ ಸಾಲಿನಿಂದ ಪ್ರೌಢಶಾಲಾ ಪದವಿಗೆ ಮೂಲನಿವಾಸಿ ವಿಷಯದ ಅಧ್ಯಯನವನ್ನು ಕಡ್ಡಾಯಗೊಳಿಸಿದೆ. ಕೆನಡಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಈ ಪಾಠಗಳನ್ನು ಕಲಿಯುತ್ತಾರೆ.

ನೃತ್ಯ, ಡೋಲು, ಕರಕುಶಲಗಳ ಸಂಭ್ರಮ ಸೊಗಸಾದದ್ದೇ. ಆದರೆ ಒಮ್ಮೆ ಇವುಗಳನ್ನೇ ಅಳಿಸಲು ಹೊರಟ ಸಂಸ್ಥೆ ಶಾಲೆ. ಆ ಸತ್ಯವನ್ನು ಮುಚ್ಚಿಟ್ಟು ನಡೆಸುವ ಉತ್ಸವ ಬರಿಯ ಪ್ರದರ್ಶನವಾಗುತ್ತದೆ. ಹೇಳಿ ನಡೆಸಿದರೆ ಅದು ಶಿಕ್ಷಣವಾಗುತ್ತದೆ.