ದವಡೆ ತಿಂದ ಬೆಂಕಿಕಡ್ಡಿ

ಇಂದಿನ ಬೆಂಕಿಕಡ್ಡಿಯನ್ನು ಪೊಟ್ಟಣದ ಪಕ್ಕದ ಪಟ್ಟಿಗೇ ಗೀರಬೇಕು. ಗೋಡೆಗೆ, ಕಲ್ಲಿಗೆ ಗೀರಿದರೆ ಹೊತ್ತಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಪಟ್ಟಿ ತೇವವಾದಾಗ ಇದೊಂದು ರಗಳೆಯೇ. ಆದರೆ ಎಲ್ಲಿ ಗೀರಿದರೂ ಹೊತ್ತಿಕೊಳ್ಳುತ್ತಿದ್ದ ಹಳೆಯ ಕಡ್ಡಿಯ ಕಥೆ ತಿಳಿದವರು ಈ ರಗಳೆಗೆ ಗೊಣಗಲಾರರು.

1830ರ ದಶಕದಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದ ಆ ಕಡ್ಡಿಯ ತುದಿಯಲ್ಲಿದ್ದುದು ಬಿಳಿ ರಂಜಕ, ಅಂದರೆ ಬಿಳಿ ಫಾಸ್ಫರಸ್. ಅಗ್ಗದ ವಸ್ತು, ಸ್ವಲ್ಪ ಉಜ್ಜಿದರೂ ಬೆಂಕಿ. ಆದರೆ ಘೋರ ವಿಷ. ಮನೆಯಲ್ಲಿ ಮಗು ಕಡ್ಡಿಯ ತುದಿ ಚೀಪಿದರೆ ಪ್ರಾಣಕ್ಕೇ ಅಪಾಯವಿತ್ತು. ಕಾರ್ಖಾನೆಯಲ್ಲಿ ದಿನವಿಡೀ ಅದರ ಆವಿಯನ್ನು ಉಸಿರಾಡುತ್ತಿದ್ದವರ ಪಾಡು ಇನ್ನೂ ಭೀಕರ. ಮೊದಲು ಹಲ್ಲುನೋವು, ಬಳಿಕ ವಸಡಿನಲ್ಲಿ ಬಾವು, ಕೀವು. ಕೊನೆಗೆ ದವಡೆಯ ಮೂಳೆಯೇ ಸತ್ತು ಕೊಳೆಯುತ್ತಿತ್ತು. ಆ ದುರ್ವಾಸನೆಗೆ ಮನೆಯವರೂ ಹತ್ತಿರ ಕೂರಲಾಗುತ್ತಿರಲಿಲ್ಲ. ಜೀವ ಉಳಿಸಲು ದವಡೆ ಕತ್ತರಿಸಿ ತೆಗೆಯಬೇಕಾಗುತ್ತಿತ್ತು. ವಿಯೆನ್ನಾದ ವೈದ್ಯ ಲೊರಿನ್ಸರ್ ಈ ರೋಗದ ವಿವರ ಪ್ರಕಟಿಸಿದ್ದು 1845ರಲ್ಲಿ.

ವಿಚಿತ್ರವೆಂದರೆ ಪರಿಹಾರವೂ ಅದೇ ದಶಕದಲ್ಲಿ, ಅದೇ ವಿಯೆನ್ನಾದಲ್ಲಿ ಹುಟ್ಟಿತು. ರಸಾಯನಶಾಸ್ತ್ರಜ್ಞ ಆಂಟನ್ ಶ್ರೋಟರ್ ನಿರುಪದ್ರವಿಯಾದ ಕೆಂಪು ರಂಜಕವನ್ನು ತಯಾರಿಸಿದ. ಸ್ವೀಡನ್ನಿನ ಲುಂಡ್‌ಸ್ಟ್ರೋಮ್ ಸಹೋದರರು ಅದನ್ನು ಕಡ್ಡಿಗೆ ಹಚ್ಚದೆ ಪೊಟ್ಟಣದ ಪಕ್ಕಕ್ಕೆ ಬಳಿದು, ಸುರಕ್ಷಿತ ಕಡ್ಡಿಯನ್ನು 1855ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಜಗತ್ತಿಗೆ ತೋರಿಸಿದರು.

ರೋಗ ಗೊತ್ತಿತ್ತು, ಬದಲಿ ವಸ್ತುವೂ ಕೈಯಲ್ಲಿತ್ತು. ಆದರೂ ಅರ್ಧ ಶತಮಾನ ವಿಷವೇ ಮಾರಾಟವಾಯಿತು! ಕಾರಣ ಬೆಲೆ. ಫಿನ್ಲೆಂಡ್ 1872ರಲ್ಲಿ, ಡೆನ್ಮಾರ್ಕ್ 1874ರಲ್ಲಿ ಬಿಳಿ ರಂಜಕವನ್ನು ನಿಷೇಧಿಸಿದವು. ಉಳಿದ ದೇಶಗಳಿಗೆ ಮಾತ್ರ, ನಾವು ನಿಲ್ಲಿಸಿದರೆ ನೆರೆಯವರ ಅಗ್ಗದ ಕಡ್ಡಿ ನಮ್ಮ ಮಾರುಕಟ್ಟೆಯನ್ನು ನುಂಗೀತು ಎಂಬ ಭಯ.

1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಸುಮಾರು 1,400 ಹೆಂಗಸರು, ಹುಡುಗಿಯರು ಮುಷ್ಕರ ಹೂಡಿದರು. ಅವರ ದುಃಸ್ಥಿತಿಯ ಬಗ್ಗೆ ಲೇಖನ ಬರೆದು ಬೆಂಬಲಕ್ಕೆ ನಿಂತವರು ಆನಿ ಬೆಸೆಂಟ್. ಮುಂದೆ ಭಾರತಕ್ಕೆ ಬಂದು ನೆಲೆಸಿ 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದ ಅದೇ ಬೆಸೆಂಟ್. ಮುಷ್ಕರದಿಂದ ದಂಡ ಹಾಕುವ ಪದ್ಧತಿ ನಿಂತಿತು, ಊಟಕ್ಕೆ ಬೇರೆ ಕೋಣೆ ಸಿಕ್ಕಿತು. ವಿಷದ ಗಾಳಿಯಲ್ಲೇ ಕೂತು ಉಣ್ಣುತ್ತಿದ್ದವರಿಗೆ ಅದು ಸಣ್ಣ ಗೆಲುವಲ್ಲ. ಬಿಳಿ ರಂಜಕ ಮಾತ್ರ ಕದಲಲಿಲ್ಲ. 1898ರಲ್ಲಿ ಅದೇ ಕಂಪನಿ 17 ದವಡೆರೋಗದ ಪ್ರಕರಣಗಳನ್ನು ಮುಚ್ಚಿಟ್ಟಿದ್ದು ಬಯಲಾದಾಗ ಬಿದ್ದ ದಂಡ ಬರೀ 25 ಪೌಂಡ್ ಚಿಲ್ಲರೆ. ಸಾಲ್ವೇಷನ್ ಆರ್ಮಿ 1891ರಲ್ಲಿ ಹೆಚ್ಚು ಕೂಲಿ ಕೊಟ್ಟು, ಕೆಂಪು ರಂಜಕ ಬಳಸುವ ಕಾರ್ಖಾನೆ ತೆರೆದಿತ್ತು. ಅದರ ಕಡ್ಡಿ ತುಸು ದುಬಾರಿ. ದಯೆಯನ್ನು ನಂಬಿ ನಡೆದ ಈ ವ್ಯಾಪಾರ ಹತ್ತು ವರ್ಷದಲ್ಲಿ ಮುಗಿಯಿತು.

ದಾರಿ ತೆರೆದದ್ದು ಎರಡು ಸಂಗತಿಗಳು. 1898ರಲ್ಲಿ ಫ್ರಾನ್ಸಿನ ಇಬ್ಬರು ರಸಾಯನಶಾಸ್ತ್ರಜ್ಞರು ರಂಜಕ ಹಾಗೂ ಗಂಧಕ ಬೆರೆತ ಸಂಯುಕ್ತದಿಂದ, ಎಲ್ಲಿ ಗೀರಿದರೂ ಹೊತ್ತುವ ಆದರೆ ದವಡೆ ತಿನ್ನದ ಕಡ್ಡಿ ಮಾಡಿದರು. 1906ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಏಳು ದೇಶಗಳು ಒಟ್ಟಿಗೆ ಬಿಳಿ ರಂಜಕವನ್ನು ಕೈಬಿಡಲು ಒಪ್ಪಂದ ಮಾಡಿಕೊಂಡವು. ನೆರೆಯವರ ಭಯ ಇದರಿಂದ ಕಡಿಮೆಯಾಯಿತು. ಬ್ರಿಟನ್ 1908ರಲ್ಲಿ ಕಾಯ್ದೆ ತಂದು 1910ರಿಂದ ಜಾರಿಗೊಳಿಸಿತು. ಅಮೆರಿಕದ್ದು ಬೇರೆಯೇ ಉಪಾಯ. ಕಾರ್ಖಾನೆಗಳಲ್ಲಿ ನೇರ ನಿಷೇಧ ಹೇರುವ ಅಧಿಕಾರ ಕೇಂದ್ರಕ್ಕಿದೆಯೇ ಎಂಬ ಅನುಮಾನವಿದ್ದುದರಿಂದ, 1912ರಲ್ಲಿ ನೂರು ಕಡ್ಡಿಗೆ 2 ಸೆಂಟ್ ತೆರಿಗೆ ವಿಧಿಸಿ ಬೆಲೆಯ ಅಸ್ತ್ರವನ್ನೇ ತಿರುಗಿಸಿಬಿಟ್ಟಿತು.

ಭಾರತದಲ್ಲಿ ಬಿಳಿ ರಂಜಕದ ಬೆಂಕಿಕಡ್ಡಿ ನಿಷೇಧ ಕಾಯ್ದೆ ಬಂದಿದ್ದು 1913ರಲ್ಲಿ. ಆಮದು, ತಯಾರಿಕೆ, ಮಾರಾಟ ಮೂರಕ್ಕೂ ತಡೆ ಬಿತ್ತು. ಆಗ ಇಲ್ಲಿನ ಅಂಗಡಿಗಳಿಗೆ ಕಡ್ಡಿ ಬರುತ್ತಿದ್ದುದು ಹೆಚ್ಚಾಗಿ ಜಪಾನ್, ಸ್ವೀಡನ್‌ಗಳಿಂದ ಹಡಗಿನಲ್ಲಿ. ಶಿವಕಾಶಿಯಲ್ಲಿ ಈ ಉದ್ಯಮ ಬೇರೂರಿದ್ದು 1920ರ ದಶಕದಲ್ಲಿ. ಎಳೆಯ ಮಕ್ಕಳ ದುಡಿಮೆಯಿಂದ ಮುಂದೆ ಅದು ಕುಖ್ಯಾತವಾಯಿತು, ನಿಜ. ಆದರೆ ಅಲ್ಲಿ ಮೊದಲ ಕಡ್ಡಿ ತಯಾರಾಗುವ ಹೊತ್ತಿಗೆ ಬಿಳಿ ರಂಜಕ ಕಾನೂನುಬಾಹಿರವಾಗಿ ಸುಮಾರು ಹತ್ತು ವರ್ಷ ಕಳೆದಿತ್ತು.