ಸಾಲದ ದುಡ್ಡು ಮತ್ತೆ ಹತ್ತನೇ ತಾರೀಖು

ಸಾಲದ ದುಡ್ಡಿಗೂ ಬಡ್ಡಿ ಬತ್ತು ಹೇಳಿದ್ರೆ ನಗಾಡಡಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ಮನೆಗಳಲ್ಲಿ ಇದಕ್ಕೊಂದು ಚರಿತ್ರೆಯೇ ಇದ್ದು.

ಹಿಂದೆ ಸಾಲ ಹೇಳಿದ್ರೆ ಮಂಡಿ ಸಾಹುಕಾರರದ್ದು. ಮುಂದಿನ ಬೆಳೆ ಮೇಲೆ ಮುಂಗಡ ತಂದ್ರೆ ಅಡಿಕೆ ಅದೇ ಮಂಡಿಗೆ ಹೋಗವು, ಬಡ್ಡಿ ಲೆಕ್ಕವೂ ಅವರ ಪುಸ್ತಕದಲ್ಲೇ. 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಶುರುವಾಗಿ ಬೆಳೆಗಾರರದ್ದೇ ಒಂದು ಬಾಗಿಲು ಆತು. ಆಮೇಲೆ ಊರ ಸಹಕಾರ ಸಂಘ, 1969ರಲ್ಲಿ ರಾಷ್ಟ್ರೀಕರಣ ಆದ ಬ್ಯಾಂಕು, 1998ರ ಕಿಸಾನ್ ಕ್ರೆಡಿಟ್ ಕಾರ್ಡು. ಹೆಂಗಸರ ಕೈಗೆ ಲೆಕ್ಕ ಸಿಕ್ಕಿದ್ದು ಮಾತ್ರ ಪಾಸ್‌ಬುಕ್ಕಿಂದ.

ಎಂತಕ್ಕೆ ಹೇಳಿದ್ರೆ, ಸಂಘದ ಬೆಳೆಸಾಲ ಒಂದೇ ಸಲ ಖಾತೆಗೆ ಬತ್ತು, ಖರ್ಚು ಕಂತಿನಲ್ಲಿ. ಜೂನಲ್ಲಿ ಕೊಳೆ ಔಷಧಿಗೆ ಮೈಲುತುತ್ತ, ಸುಣ್ಣ, ಹೊಡೆಯವರ ಮಜೂರಿ. ನಲವತ್ತು ದಿನ ಬಿಟ್ಟು ಇನ್ನೊಂದು ಸಲ. ಕೊನೆಕೊಯ್ಲು, ಸುಲಿಯ ಕೂಲಿ ಎಲ್ಲ ದೀಪಾವಳಿ ಆದಮೇಲೆ. ಅಲ್ಲಿವರೆಗೆ ದುಡ್ಡು ಎಲ್ಲಾದ್ರೂ ಕೂತಿರವು. ಕಪಾಟಲ್ಲಿ ಕೂತ್ರೆ ಎಂತದೂ ಇಲ್ಲೆ.

2010ರ ಮಾರ್ಚ್‌ವರೆಗೆ ಉಳಿತಾಯ ಖಾತೆ ಬಡ್ಡಿಗೆ ಒಂದು ವಿಚಿತ್ರ ನಿಯಮ ಇತ್ತು. ತಿಂಗಳ 10ನೇ ತಾರೀಖಿಂದ ಕಡೇ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಕೊನೆಕೊನೆಗೆ ದರ ಶೇ. 3.5. ಖಾಲಿ ಖಾತೆಗೆ 9ರಂದು 1 ಲಕ್ಷ ಬಂದು ತಿಂಗಳು ಮುಗಿಯವರೆಗೆ ಮುಟ್ಟದಿದ್ರೆ ಸುಮಾರು 290 ರೂಪಾಯಿ. 12ಕ್ಕೆ ಬಂದ್ರೆ ಸೊನ್ನೆ. 29ಕ್ಕೆ ಅಷ್ಟೂ ತೆಗೆದ್ರೂ ಸೊನ್ನೆ, ಮರು ತಿಂಗಳ 1ಕ್ಕೆ ತೆಗೆದ್ರೆ ಪೂರ್ತಿ! ನಮ್ಮನೆ ಅತ್ತೆ ಕ್ಯಾಲೆಂಡರಲ್ಲಿ ಏಕಾದಶಿ ಜೊತೆಗೆ 10ಕ್ಕೂ ಗುರುತು ಹಾಕ್ತಿತ್ತು. ಗೊಬ್ಬರದ ಬಿಲ್ಲು 28ಕ್ಕೆ ಬಂದ್ರೆ “ನಾಲ್ಕು ದಿನ ತಡೀರಿ” ಹೇಳಿ ಮಾವನ್ನ ಕೂರಿಸ್ತಿತ್ತು. ಓದಿದ್ದು ನಾಲ್ಕನೇ ಕ್ಲಾಸು.

2010ರ ಏಪ್ರಿಲ್ 1ರಿಂದ ದಿನದಿನದ ಬಾಕಿ ಮೇಲೆ ಬಡ್ಡಿ ಲೆಕ್ಕ ಬಂತು. ಎಲ್ಲರಿಗೂ ಒಳ್ಳೇದೇ. ಅತ್ತೆಯ ಗುರುತು ಹಳೇದಾತಲ ಹೇಳಿ ನಂಗೆ ಬೇಜಾರಾತು ಅಷ್ಟೇ.

ಹಂಗಂತ ಆಗಿನದ್ದು ಲಾಭ ಅಲ್ಲ. ಶೇ. 7ರ ಸಾಲ ತಂದು 3.5ಕ್ಕೆ ಇಟ್ರೆ ಅರ್ಧ ಹೊರೆ ಇಳಿತು, ಬೇರೆಂತ ಇಲ್ಲೆ. ಕಾರ್ಡಿನ ಸಾಲದಲ್ಲಂತೂ ತೆಗೆದಷ್ಟಕ್ಕೇ ಬಡ್ಡಿ, ಅಲ್ಲಿ ಬೇಕಪ್ಪವರೆಗೆ ತೆಗೆಯದೇ ಇಪ್ಪದು ಜಾಣತನ. ನಿಜವಾಗಿ ಗಳಿಕೆ ಆದದ್ದು ರಾಜ್ಯ ಸರ್ಕಾರ ಸಹಕಾರ ಸಂಘಗಳ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ಸೊನ್ನೆ ಮಾಡಿದ ಮೇಲೆ. 2023ರ ಬಜೆಟ್‌ನಲ್ಲಿ ಅದರ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಖಾತೆ ಶೇ. 3 ಕೊಟ್ರೂ 1 ಲಕ್ಷ ನಾಲ್ಕು ತಿಂಗಳು ಕೂತ್ರೆ 1,000 ರೂಪಾಯಿ.

ಆದ್ರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಸೊನ್ನೆ. ದರ ಏರಲಿ ಹೇಳಿ ರಾಶಿ ಅಡಿಕೆ ಅಟ್ಟದಲ್ಲಿಟ್ಟು ಗಡುವು ದಾಟಿಸಿದ್ರೆ ರಿಯಾಯಿತಿ ಹೋಗಿ ಪೂರ್ತಿ ಬಡ್ಡಿ ಬೀಳ್ತು, ಸಾವಿರ ರೂಪಾಯಿ ಎಲ್ಲಿಗೂ ಸಾಲ್ತಿಲ್ಲೆ. ಇನ್ನು ಬಡ್ಡಿ ಆಸೆಗೆ ಔಷಧಿ ಹೊಡೆಸದನ್ನೇ ಮುಂದೆ ಹಾಕದು ಶುದ್ಧ ದಡ್ಡತನ. ಆ ಸಾಲ ತೋಟಕ್ಕೆ ಹೇಳೇ ಕೊಟ್ಟಿದ್ದು ಅಲ್ದ?

ಇನ್ನೊಂದು ಮಾತು ಇದ್ದು. ಪಹಣಿ ಗಂಡಸರ ಹೆಸರಲ್ಲಿ, ಹಂಗಾಗಿ ಸಾಲವೂ, ಖಾತೆಯೂ, ಬಡ್ಡಿಯೂ ಅವರ ಹೆಸರಲ್ಲೇ. ಅತ್ತೆ ಇದಕ್ಕೊಂದು ದಾರಿ ಮಾಡ್ಕಂಡಿತ್ತು. ಆರು ತಿಂಗಳಿಗೊಮ್ಮೆ ಬಡ್ಡಿ ಜಮೆ ಆದ ಕೂಡ್ಲೇ ಅಷ್ಟನ್ನ ಮಾವನ ಕೈಲಿ ತೆಗೆಸಿ, ಹಾಲಿನ ದುಡ್ಡು ಕೂಡಿಸ್ತಿದ್ದ ತನ್ನ ಖಾತೆಗೆ ಹಾಕಿಸ್ಕಳ್ತಿತ್ತು. ಮಾವ ಒಂದು ಸಲವೂ ಬೇಡ ಹೇಳಿದ್ದಿಲ್ಲೆ.